ಸಜ್ಜಾ ಮೇಲಿನ ಕಂದು ಗೆರೆ

ಕಾರವಾರದ ನಮ್ಮ ಎರಡಂತಸ್ತಿನ ಮಳಿಗೆ ಕಟ್ಟಡದ ಸಜ್ಜಾದಿಂದ ಕಾಂಕ್ರೀಟಿನ ಹಕ್ಕಳೆ ಫುಟ್‌ಪಾತಿಗೆ ಉದುರಿ ನೋಟಿಸು ಬಂದಾಗ, ತಪ್ಪು ನನ್ನದೇ ಎಂದು ಒಪ್ಪದೆ ಗತ್ಯಂತರವಿರಲಿಲ್ಲ. ಕಡಲಗಾಳಿಯ ಉಪ್ಪಿನಂಶ ಬಿರುಕುಗಳ ಮೂಲಕ ಒಳಗಿನ ಕಬ್ಬಿಣದ ಸರಳನ್ನು ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹೊರಗಿನ ಕಾಂಕ್ರೀಟನ್ನು ಒಡೆದು ದೂಡುತ್ತದೆ. ಸಜ್ಜಾದಲ್ಲಿ ತುಕ್ಕಿನ ಕಂದು ಗೆರೆ ಕಂಡಾಗಲೇ ಆ ಭಾಗವನ್ನು ಕೆತ್ತಿಸಿ, ಸರಳನ್ನು ತಿಕ್ಕಿಸಿ, ತುಕ್ಕುನಿರೋಧಕ ಬಳಿಸಿ ಮುಚ್ಚಿಸಬೇಕಿತ್ತು. ನಾನೋ ಅದರ ಮೇಲೆ ಬಣ್ಣ ಹೊಡೆಸಿ ಸುಮ್ಮನಾಗಿದ್ದೆ.

ಈಗ ಮೇ ತಿಂಗಳಲ್ಲೇ ತಾರಸಿಯ ನೀರಿನ ಪೈಪುಗಳನ್ನು ಶುಚಿಗೊಳಿಸಿ, ಬೆಂಕಿ ನಂದಿಸುವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ನೋಡುತ್ತೇನೆ. ಮೆಟ್ಟಿಲ ದಾರಿಯಲ್ಲಿ ರಟ್ಟಿನ ಪೆಟ್ಟಿಗೆ ಪೇರಿಸಬೇಡಿರೆಂದು ಬಾಡಿಗೆದಾರರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟ. ಕಳೆದ ವಾರವೂ ಅಲ್ಲಿ ಆರು ಪೆಟ್ಟಿಗೆಗಳಿದ್ದವು.