ಶಿನಿಂಗ್‌ನಿಂದ ಲ್ಹಾಸಾಕ್ಕೆ

ಅಕ್ಟೋಬರ್‌ನಲ್ಲಿ ಎಂಟು ಮಂದಿಯ ನಮ್ಮ ತಂಡ ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಶಿನಿಂಗ್‌ನಲ್ಲಿ ರೈಲು ಹತ್ತಿದಾಗ ಎಲ್ಲರ ಬಳಿಯೂ ಟಿಬೆಟ್ ಪ್ರವೇಶದ ಪರವಾನಗಿ ಇತ್ತು. ವಿದೇಶಿಯರು ಅದಿಲ್ಲದೆ, ಮಾರ್ಗದರ್ಶಕರೂ ಇಲ್ಲದೆ, ಅಲ್ಲಿ ತಿರುಗುವಂತಿಲ್ಲ. 2006ರಲ್ಲಿ ಲ್ಹಾಸಾವರೆಗೆ ಪೂರ್ಣಗೊಂಡ ಈ 1,956 ಕಿಲೋಮೀಟರ್ ಹಾದಿ ತಂಗುಲಾ ಪರ್ವತಗಳ ಕಣಿವೆದಾರಿಯಲ್ಲಿ 5,072 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಬೋಗಿಗಳಿಗೆ ಆಮ್ಲಜನಕ ಹರಿಸುತ್ತಾರಾದರೂ ನನ್ನ ತಲೆನೋವು ಅದಕ್ಕೆ ಮಣಿಯಲಿಲ್ಲ. ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣವಂತೂ ದಿಂಬಿನಂತೆ ಉಬ್ಬಿ, ಗಾಳಿಯ ಒತ್ತಡ ಎಷ್ಟು ಇಳಿದಿದೆಯೆಂಬುದನ್ನು ಯಾವ ಮಾಪಕಕ್ಕಿಂತಲೂ ಚೆನ್ನಾಗಿ ತಿಳಿಸಿತು.

ಸುಮಾರು 3,650 ಮೀಟರ್ ಎತ್ತರದ ಲ್ಹಾಸಾದಲ್ಲಿ ಮೊದಲ ದಿನ ವಿಶ್ರಾಂತಿಗೇ ಹೋಯಿತು. ಇಡೀ ಚೀನಾಕ್ಕೆ ಬೀಜಿಂಗ್ ಸಮಯವೇ ಅನ್ವಯಿಸುವುದರಿಂದ ಮರುದಿನ ಬೆಳಗ್ಗೆ ಏಳು ಗಂಟೆಯಾದರೂ ಕತ್ತಲು ಹರಿದಿರಲಿಲ್ಲ. ಆ ಕತ್ತಲಲ್ಲೇ ಜೋಖಾಂಗ್ ದೇವಾಲಯದ ಮುಂದೆ ವೃದ್ಧೆಯೊಬ್ಬರು ಅಂಗೈಗಳಿಗೆ ಮರದ ಹಲಗೆ ಕಟ್ಟಿಕೊಂಡು ದೀರ್ಘದಂಡ ನಮಸ್ಕಾರ ಹಾಕುತ್ತಿದ್ದರು. ಹಲಗೆಗಳು ಸರ್ರನೆ ಜಾರುತ್ತಿದ್ದ ಆ ಕಲ್ಲುಚಪ್ಪಡಿಗಳು ತಲೆಮಾರುಗಳ ನಮಸ್ಕಾರದಿಂದ ಸವೆದು ಕನ್ನಡಿಯಂತೆ ನುಣುಪಾಗಿವೆ. ದೇವಾಲಯವನ್ನು ಬಳಸಿ ಸಾಗುವ ಬಾರ್ಖೋರ್ ಬೀದಿಯ ಪ್ರದಕ್ಷಿಣೆಗೆ ನಾವೂ ಸೇರಿಕೊಂಡೆವು. ನಿಗದಿತ ಅವಧಿಯೊಳಗೆ ಅವಸರದಿಂದ ನೋಡಿ ಮುಗಿಸಬೇಕಾದ ಪೋತಲಾ ಅರಮನೆಗಿಂತ, ನಿಜ ಹೇಳಬೇಕೆಂದರೆ, ಈ ಬೀದಿಯೇ ನನಗೆ ಹೆಚ್ಚು ಹಿಡಿಸಿತು.