ಲಿಂಗ ಕಟ್ಟಿಕೊಳ್ಳಲೇಬೇಕಾ?

"ಮನಸ್ಸಲ್ಲಿ ಭಕ್ತಿ ಇದ್ದರೆ ಸಾಲದಾ? ಕೊರಳಲ್ಲಿ ಲಿಂಗ ಕಟ್ಟಿಕೊಳ್ಳಲೇಬೇಕಾ?" ಬೇರೆ ಸಮುದಾಯದ ಗೆಳೆಯರು ಕೇಳುತ್ತಾರೆ. ಈಗೀಗ ನಮ್ಮ ಲಿಂಗಾಯತ ಮನೆಗಳ ಹುಡುಗರೂ ಕೇಳುತ್ತಾರೆ.

ಭಕ್ತಿಗೆ ಮನಸ್ಸೇ ಸಾಕು, ಒಪ್ಪುತ್ತೇನೆ. ಆದರೆ ಕೊರಳಲ್ಲಿ ಕಟ್ಟಿಕೊಳ್ಳುವ ಈ ಇಷ್ಟಲಿಂಗ, ದುಡಿದು ಹಂಚಿ ಉಣ್ಣುತ್ತೇನೆ, ಜಾತಿ ಕೇಳುವುದಿಲ್ಲ ಎಂದು ನಾವು ಕೊಟ್ಟ ಮಾತಿನ ಗುರುತು. ಮಾತು ಕೊಡುವಾಗ ಎದುರಿಗೆ ಒಬ್ಬರು ಇರಬೇಕು, ಅಲ್ವಾ?

ಆ ಮಾತು ಕೊಡುವುದು ದೀಕ್ಷೆಯಲ್ಲಿ. ಆಗ ಗುರು ತಲೆಯ ಮೇಲೆ ಕೈ ಇಡುತ್ತಾರೆ, ಕಿವಿಯಲ್ಲಿ ಮಂತ್ರ ಹೇಳುತ್ತಾರೆ, ಅಂಗೈಗೆ ಲಿಂಗ ಕೊಡುತ್ತಾರೆ. ವೇಧಾ, ಮಂತ್ರ, ಕ್ರಿಯಾ ದೀಕ್ಷೆ ಎನ್ನುವುದು ಇವನ್ನೇ. ಯೋಚಿಸುವುದು, ಕೇಳುವುದು, ಮಾಡುವುದು ಮೂರೂ ಆ ಮಾತಿಗೆ ಒಳಪಟ್ಟವು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಆಮೇಲೆ ಪೂಜೆ ಎಡ ಅಂಗೈಯಲ್ಲಿ. ಕಪ್ಪಗೆ ಹೊಳೆಯುವ ಲಿಂಗವನ್ನು ಕಣ್ಣಿನ ಎದುರು ಹಿಡಿದು ನೆಟ್ಟ ನೋಟದಿಂದ ನೋಡುವುದು. ಗರ್ಭಗುಡಿ ಇಲ್ಲ, ನಡುವೆ ಪೂಜಾರಿ ಇಲ್ಲ. 12ನೇ ಶತಮಾನದಲ್ಲಿ ಗುಡಿಯ ಹೊರಗೇ ನಿಲ್ಲಬೇಕಿದ್ದವರ ಅಂಗೈಗೆ ದೇವರು ಬಂದ! ಹೆಂಗಸರಿಗೂ ಅದೇ ಲಿಂಗ. ಮುಟ್ಟಾದ ದಿನವೂ ತೆಗೆದಿಡಬೇಕಿಲ್ಲ. ಶರಣರು ಸೂತಕವನ್ನೇ ಒಪ್ಪಲಿಲ್ಲ.

ಆ ಮಾತನ್ನು ಉಳಿಸಿಕೊಂಡವರು ಎಂಥ ಬೆಲೆ ತೆತ್ತರು ಅಂತ ತಿಳಿಯಲು ಶರಣರು ನೆಲೆಸಿದ್ದ ಕಲ್ಯಾಣದ ಕಡೆ ನೋಡಬೇಕು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾಯಿತು. ಎರಡೂ ಮನೆಯವರು ಲಿಂಗ ಕಟ್ಟಿದವರು. ಕಟ್ಟಿದ ಮೇಲೆ ಹಿಂದಿನ ಜಾತಿ ಮುಗಿಯಿತು ಎಂದೇ ಅವರು ನಂಬಿದ್ದರು. ಆ ಮದುವೆಗಾಗಿ ಕಲ್ಯಾಣದ ದೊರೆ ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು, ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ನಮ್ಮ ಪರಂಪರೆ ಹೇಳುತ್ತದೆ.

ಈ ಕಥೆ ಕೇಳಿ ಕಣ್ಣೊರೆಸಿಕೊಳ್ಳುವವರೇ ಸಂಬಂಧ ನೋಡುವಾಗ ಒಳಪಂಗಡ ಯಾವುದು ಅಂತ ವಿಚಾರಿಸುತ್ತಾರೆ. ನನಗೆ ತುಂಬಾ ನೋವಾಗುತ್ತದೆ. ಲಿಂಗ ಇಟ್ಟುಕೊಳ್ಳಲು ಬೆಳ್ಳಿಯ ಕರಡಿಗೆ ಮಾಡಿಸಿ, ದಿನಾ ಪೂಜೆ ಮಾಡಿದರೂ, ಆ ಪ್ರಶ್ನೆ ಕೇಳಿದ ಕ್ಷಣವೇ ಮಾತು ಮುರಿಯಿತು.

ಹುಡುಗರಿಗೆ ಇನ್ನೊಂದು ವಿಷಯ ಹೇಳುತ್ತೇನೆ. ಕೂಸಾಗಿದ್ದಾಗ ಕಟ್ಟಿದ ಲಿಂಗ ನಿಮ್ಮ ಅಪ್ಪ ಅಮ್ಮ ಕೊಟ್ಟ ಮಾತು. ದೀಕ್ಷೆಯಲ್ಲಿ ಕೊಡುವುದು ನಿಮ್ಮದು. ಹಾಗಾಗಿ ಆತುರ ಬೇಡ. ಕಾಯಕ ಮಾಡಿ ಉಣ್ಣಲು, ಗಳಿಸಿದ್ದನ್ನು ಹಂಚಿಕೊಳ್ಳಲು, ಯಾರ ಜಾತಿಯನ್ನೂ ಕೇಳದಿರಲು ಮನಸ್ಸು ತಯಾರಿದೆಯಾ ನೋಡಿಕೊಳ್ಳಿ. ತಯಾರಿದ್ದರೆ ಗುರುಗಳ ಹತ್ತಿರ ಹೋಗಿ. ಇಲ್ಲದಿದ್ದರೆ ಮನೆಯವರ ಬಲವಂತಕ್ಕೆ ಸುಮ್ನೆ ಕಟ್ಟಿಕೊಳ್ಳಬೇಡಿ, ಸ್ವಲ್ಪ ಕಾಯಿರಿ.