ನಾಲ್ಕು ದಿನ ಮುಂಚೆ ಬಿಟ್ಟರೆ ಸಾಕೇ?

ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ಈಗ ಸೋಮವಾರಪೇಟೆಯ ಬಳಿ ಕಾಫಿ ತೋಟ ನೋಡಿಕೊಂಡಿರುವ ನನ್ನಲ್ಲಿಗೆ, ಮರ್ಚೆಂಟ್ ನೇವಿ ಸೇರುವ ಆಸೆಯ ಹುಡುಗರು ಆಗಾಗ ಬರುತ್ತಾರೆ. ಕಳೆದ ವಾರ ಬಂದವನೊಬ್ಬ, "ಮಾವ, ಹಡಗು ಹತ್ತೋ ನಾಲ್ಕು ದಿನ ಮುಂಚೆ ಎಲ್ಲಾ ಬಿಟ್ಟರೆ ಟೆಸ್ಟಿನಲ್ಲಿ ಗೊತ್ತಾಗಲ್ವಂತೆ, ಹೌದಾ?" ಎಂದು ಕೇಳಿದ. ಎಲ್ಲಾ ಎಂದರೆ ಗಾಂಜಾ, ಜೊತೆಗೆ ನಿದ್ರೆ ಮಾತ್ರೆ. ನಿತ್ಯ ಸೇದುವವನ ಮೂತ್ರದಲ್ಲಿ ಗಾಂಜಾದ ಗುರುತು ವಾರಗಟ್ಟಲೆ ಉಳಿಯಬಹುದು ಎಂದೆ. ಆದರೆ ನನ್ನ ಚಿಂತೆ ಟೆಸ್ಟಿನದಾಗಿರಲಿಲ್ಲ.

ನಮ್ಮ ಹಡಗಿನಲ್ಲಿದ್ದ ಮೋಟರ್‌ಮನ್ (ಎಂಜಿನ್ ರೂಮಿನ ಕೆಲಸಗಾರ) ಒಬ್ಬರು, ಬೆನ್ನುನೋವಿಗೆಂದು ಆರಂಭಿಸಿದ, ಚಟ ಹಿಡಿಸಬಲ್ಲ ಟ್ರಮಾಡಾಲ್ ಎಂಬ ನೋವಿನ ಮಾತ್ರೆಯನ್ನು ಕದ್ದುಮುಚ್ಚಿ ನುಂಗುತ್ತಿದ್ದರು. ಒಂದು ರಾತ್ರಿ ಹನ್ನೆರಡರಿಂದ ನಾಲ್ಕರ ಪಾಳಿಯಲ್ಲಿ ಇಂಧನದ ಜೋಡಿ ಫಿಲ್ಟರ್ ತೊಳೆಯಲು ಹೋದವರು, ಬಿಡುವಿನಲ್ಲಿದ್ದ ಬದಿಯನ್ನು ಬಿಟ್ಟು ಎಂಜಿನ್ನಿಗೆ ಎಣ್ಣೆ ಹರಿಯುತ್ತಿದ್ದ ಬದಿಯನ್ನೇ ಬಿಚ್ಚಿದರು. ನೂರು ಡಿಗ್ರಿಗೂ ಮೀರಿ ಕಾದ ಎಣ್ಣೆ ಚಿಮ್ಮಿ ಅವರ ಕೈ ಮೊಣಕೈವರೆಗೆ ಬೆಂದಿತು. ಅದೇ ಎಣ್ಣೆ ಎಕ್ಸಾಸ್ಟ್ ಪೈಪಿಗೆ ತಗುಲಿದ್ದರೆ, ಮೇಲೆ ನಿದ್ರಿಸುತ್ತಿದ್ದವರು ಬೆಂಕಿಯ ನಡುವೆ ಎಚ್ಚರಗೊಳ್ಳುತ್ತಿದ್ದರು.

ದಡ ನಾಲ್ಕು ದಿನದ ದಾರಿಯಲ್ಲಿತ್ತು. ನೂರು ಅಥವಾ ಅದಕ್ಕೂ ಹೆಚ್ಚು ಜನರಿದ್ದು, ಮೂರು ದಿನ ಮೀರಿದ ಅಂತರರಾಷ್ಟ್ರೀಯ ಯಾನ ಕೈಗೊಳ್ಳುವ ಹಡಗಿಗೆ ಮಾತ್ರ ವೈದ್ಯರು ಕಡ್ಡಾಯ; ಇಪ್ಪತ್ತು ಜನರ ನಮ್ಮ ಹಡಗಿನಲ್ಲಿ ಔಷಧದ ಉಸ್ತುವಾರಿಯಿದ್ದ ಅಧಿಕಾರಿಯೇ, 1935ರಿಂದ ನಾವಿಕರಿಗೆ ಸಲಹೆ ನೀಡುತ್ತಿರುವ ರೋಮ್‌ನ ರೇಡಿಯೋ ವೈದ್ಯಕೀಯ ಕೇಂದ್ರವನ್ನು ಕೇಳಿ ಗಾಯ ಕಟ್ಟಿದರು. ಎರಡನೇ ದಿನ ನಡುಕ, ಬೆವರು, ವಾಂತಿ ಶುರುವಾದವು. ಸುಟ್ಟ ಗಾಯದ ನಂಜೆಂದೇ ನಾವು ಹೆದರಿದೆವು. ಮಾತ್ರೆ ನಿಂತದ್ದರಿಂದ ಹೀಗಾಗುತ್ತಿದೆಯೆಂದು ಅವರು ಅಳುತ್ತ ಒಪ್ಪಿಕೊಳ್ಳುವವರೆಗೆ, ರೋಮ್‌ನ ವೈದ್ಯರಿಗೂ ನಾವು ಅರ್ಧ ಸತ್ಯವನ್ನೇ ತಲುಪಿಸುತ್ತಿದ್ದೆವು.

ಅವರನ್ನು ಕೆಟ್ಟವರೆಂದು ನಾನು ಎಂದೂ ಭಾವಿಸಿಲ್ಲ. ಒಂಬತ್ತು ತಿಂಗಳ ಕರಾರು, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕನಿಷ್ಠ ಹತ್ತು ಗಂಟೆ ವಿಶ್ರಾಂತಿ ಎಂಬ ನಿಯಮವು ಬಂದರಿನ ಗಡಿಬಿಡಿಯಲ್ಲಿ ಎಷ್ಟೋ ಸಲ ಕಾಗದದಲ್ಲೇ ಉಳಿಯುವುದು, ನೋವಿದೆ ಎಂದರೆ ಕೆಲಸ ಹೋದೀತೆಂಬ ಭಯ, ಇವೆಲ್ಲ ಸೇರಿ ಅವರನ್ನು ಅಲ್ಲಿಗೆ ತಂದಿದ್ದವು.

ಇದನ್ನೆಲ್ಲ ಹೇಳಿ, ನಿದ್ರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆಯೆಂದೂ, ಅದು ಏಣಿಯ ಮೇಲೋ ಓಡುವ ಯಂತ್ರದ ಪಕ್ಕದಲ್ಲೋ ಬರಬಹುದೆಂದೂ ಹುಡುಗನಿಗೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದವನು, "ಆಸ್ಪತ್ರೆಗೆ ನೀವೂ ಬರ್ತೀರಾ ಮಾವ?" ಎಂದ. ಮಂಗಳವಾರ ಇಬ್ಬರೂ ಮಡಿಕೇರಿಗೆ ಹೋಗುತ್ತಿದ್ದೇವೆ.